ಬಣ್ಣವಿಲ್ಲದ ಗೋಬಿ, ಫುಲ್ ಪ್ಲೇಟ್ 70 ರೂಪಾಯಿ

ಬಳ್ಳಾರಿಯ ಗಾಂಧಿನಗರದ ಕಡೆ ಸಂಜೆ ನಿಲ್ಲುವ ಈ ಗೋಬಿ ಗಾಡಿಗೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಇಲ್ಲಿಯ ಗೋಬಿ ಕಂದು. ಹೊಸಬರು ಸೀದುಹೋಗಿದೆ ಅಂದುಕೊಳ್ಳುತ್ತಾರೆ. ಸೀದಿಲ್ಲ. ಹಿಟ್ಟು ತೆಳ್ಳಗೆ, ಒಳಗಿನ ಹೂಕೋಸು ಇನ್ನೂ ಗಟ್ಟಿ, ಸಾಸ್ ಕಡಿಮೆ, ಬೆಳ್ಳುಳ್ಳಿ ಜಾಸ್ತಿ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಕೇಳದೇ ಹಾಕುತ್ತಾರೆ. ಹಾಫ್ 40, ಫುಲ್ 70.

ನಾನು ನಿಂತಿದ್ದಾಗ ಒಬ್ಬರು ಜಗಳಕ್ಕೇ ಬಂದರು. “ಏನಪ್ಪ, ಕೆಂಪಗೆ ಮಾಡೋದು ಬಿಟ್ಟೇಬಿಟ್ಟಿ?”

“ಬ್ಯಾನ್ ಆಗೇತಲ್ರಿ ಅಣ್ಣ, ಕಲರ್ ಹಾಕಂಗಿಲ್ಲ.”

“ತಿನ್ನಾವ ನಾನು. ನಡುವೆ ಸರ್ಕಾರದ್ದೇನು?”

ಕೇಳಬೇಕಾದ ಮಾತೇ. ಸರ್ಕಾರ ನನ್ನ ಪ್ಲೇಟಿಗೆ ಕೈ ಹಾಕುವುದು ನನಗೂ ಇಷ್ಟವಿಲ್ಲ. ಮೈದಾ, ಕರಿದ ಎಣ್ಣೆ, ಎಲ್ಲ ಗೊತ್ತಿದ್ದೇ ತಿನ್ನುತ್ತೇನೆ. ಗೋವಾದ ಮಾಪುಸಾ ಪುರಸಭೆ 2024ರ ಶುರುವಿನಲ್ಲಿ ಗೋಬಿ ಅಂಗಡಿಗಳೇ ಬೇಡ ಅಂದಿತ್ತು. ಅದು ಅತಿಯಾಯಿತು. ನಮ್ಮ ರಾಜ್ಯದಲ್ಲಿ ಅದೇ ವರ್ಷ ಮಾರ್ಚ್‌ನಲ್ಲಿ ಬ್ಯಾನ್ ಆಗಿದ್ದು ಗೋಬಿಗೆ, ಬಾಂಬೆ ಮಿಠಾಯಿಗೆ ಹಾಕುವ ಕೃತಕ ಬಣ್ಣ ಮಾತ್ರ. ಆಗ ಪರೀಕ್ಷೆ ಮಾಡಿಸಿದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107 ತಿನ್ನಲು ಯೋಗ್ಯವಲ್ಲ ಅಂತ ಬಂತು. ಬಾಂಬೆ ಮಿಠಾಯಿಯಲ್ಲಂತೂ ರೊಡಮೈನ್-ಬಿ ಸಿಕ್ಕಿತು. ಅದು ಬಟ್ಟೆಗೆ ಹಾಕುವ ಬಣ್ಣ. ನನ್ನ ಬಾಯಿ, ನನ್ನ ಇಷ್ಟ ಅನ್ನಬಹುದು. ಆದರೆ ಅದರೊಳಗೆ ಏನಿದೆ ಅಂತ ನನಗೆ ಯಾರೂ ಹೇಳಿರಲಿಲ್ಲವಲ್ಲ! ಗೊತ್ತೇ ಇಲ್ಲದ್ದನ್ನು ಇಷ್ಟಪಟ್ಟು ತಿಂದೆ ಅನ್ನೋದು ಹೇಗೆ?

ಶಿಕ್ಷೆಯ ಬಗ್ಗೆ ಮಾತ್ರ ನನ್ನ ತಕರಾರಿದೆ. 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂದರು. ಗಾಡಿ ಮಾರಿದರೂ ಅಷ್ಟು ದುಡ್ಡು ಹುಟ್ಟಲ್ಲ. ಆ ಬಣ್ಣದ ಪುಡಿ ಮಾಡಿ ಮಾರುವವರನ್ನು ಮೊದಲು ಹಿಡಿಯಬೇಕು, ಅಲ್ವಾ?

ಕೆಂಪು ಬೇಕೇ ಬೇಕು ಅಂದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ. ಸಿರುಗುಪ್ಪದ ಕಡೆ ನಮ್ಮ ಮನೆಯವರೂ ಬೆಳೆಯುತ್ತಾರೆ. ಖಾರ ಕಮ್ಮಿ, ಬಣ್ಣ ಜೋರು. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಈ ಗಾಡಿಯಲ್ಲೂ ಅದನ್ನೇ ನೆನೆಸಿ, ರುಬ್ಬಿ ಹಿಟ್ಟಿಗೆ ಕಲಸುತ್ತಾರೆ. ಆದರೆ ಕಾದ ಎಣ್ಣೆಗೆ ಬಿದ್ದ ಮೇಲೆ ಆ ಕೆಂಪು ಕಂದಿಗೆ ತಿರುಗುತ್ತದೆ. ಕಂದು ಬಣ್ಣದ ಗುಟ್ಟು ಇಷ್ಟೇ. ಸುಮ್ನೆ ಅನುಮಾನ ಪಡಬೇಡಿ.

ಕೊರತೆ ಇಲ್ಲವೇ ಅಂದರೆ, ಇದೆ. ಒಂದೊಂದು ದಿನ ಉಪ್ಪು ಮುಂದಾಗಿರುತ್ತದೆ. ಕೂರಲು ಜಾಗವಿಲ್ಲ. ಎಂಟು ಗಂಟೆ ಮೇಲೆ ಎಣ್ಣೆ ಕರ್ರಗಾಗಿರುತ್ತದೆ, ಬೇಗ ಹೋಗಿ. ಟೇಸ್ಟಿಂಗ್ ಪೌಡರ್‌ಗೆ, ಅಂದರೆ ಅಜಿನೊಮೊಟೊಗೆ, ಬ್ಯಾನ್ ಇಲ್ಲ, ಆ ಡಬ್ಬಿ ಇಲ್ಲಿ ಎಲ್ಲರಿಗೂ ಕಾಣುವ ಹಾಗೆ ಮುಂದೆಯೇ ಇದೆ. ಬೇಡ ಅಂದರೆ ಹಾಕುವುದಿಲ್ಲ. ಬಾಣಲೆಗೆ ಕೈ ಹಾಕುವ ಮೊದಲೇ ಹೇಳಿಬಿಡಿ.