ಪಾಠಕ್ಕೆ ಹಾಲ್ ಸೆನ್ಸರ್ ಜಾಯ್‌ಸ್ಟಿಕ್ಕೇ ಇರಲಿ: ಬಳಸಿ ನೋಡಿದ ಮೂರು

ಪೈಲಟ್ ಆಗುವ ಆಸೆಯ ಆರು ಜನ ಪಿಯು ಮಕ್ಕಳಿಗೆ ಹಾಸನದ ಸಾಲಗಾಮೆ ರಸ್ತೆಯ ನಮ್ಮ ಮನೆ ಮಹಡಿಯಲ್ಲಿ ಭಾನುವಾರಗಳಂದು ಪಾಠ ಮಾಡುತ್ತೇನೆ. ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಾಫ್ಟ್‌ವೇರ್ ಫ್ಲೈಟ್‌ಗಿಯರ್, ದುಡ್ಡು ಕೊಡಬೇಕಿಲ್ಲ. ವಿಮಾನ ಸೆಸ್ನಾ 172. ದುಡ್ಡು ಹೋಗಿದ್ದು ಜಾಯ್‌ಸ್ಟಿಕ್‌ಗೆ, ಅದೂ ಎರಡು ಸಲ.

ಮೊದಲು ತಂದದ್ದು ಅಗ್ಗದ ಪೊಟೆನ್ಷಿಯೋಮೀಟರ್ ಬಗೆಯದು, ಅಂದರೆ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಉಜ್ಜುತ್ತಾ ಹಿಡಿಯ ಚಲನೆ ಅಳೆಯುವಂಥದ್ದು. ಹಿಡಿ ತಿರುಚಿದರೆ ರಡರ್, ಅಂದರೆ ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಹಲಗೆ, ಕೆಲಸ ಮಾಡುತ್ತದೆ. ಮೂರು ತಿಂಗಳು ಚೆನ್ನಾಗಿತ್ತು.

ಸೆಸ್ನಾದಲ್ಲಿ ಟೇಕಾಫ್‌ಗೆ ಪೂರ್ತಿ ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟರೆ ಪ್ರೊಪೆಲರ್‌ನಿಂದಾಗಿ ಮೂತಿ ಎಡಕ್ಕೆ ಎಳೆಯುತ್ತದೆ, ಬಲ ರಡರ್ ಕೊಟ್ಟು ನೇರ ಮಾಡಬೇಕು. ನಾನು ಕಲಿಸುವ ಮೊದಲ ಪಾಠವೇ ಇದು. ಬೇಲೂರಿನಿಂದ ಬರುವ ಹುಡುಗಿಯೊಬ್ಬಳಿಗೆ ಎಷ್ಟು ತಿರುಚಿದರೂ ವಿಮಾನ ಎಡಕ್ಕೇ ಹೋಗುತ್ತಿತ್ತು. "ಇನ್ನೂ ಬಲಕ್ಕೆ ಕೊಡಮ್ಮ" ಎಂದು ವಾರಗಟ್ಟಲೆ ಹೇಳಿದೆ. ಒಂದು ದಿನ ಎಂಜಿನ್ ಐಡಲ್‌ನಲ್ಲಿದ್ದಾಗಲೂ, ಕೈ ಬಿಟ್ಟಿದ್ದರೂ ಎಡಕ್ಕೆ ತಿರುಗಿತು. ಪರೀಕ್ಷಿಸಿದರೆ ಮುಟ್ಟದೆಯೇ ರಡರ್ ಅಂಕಿ ಕುಣಿಯುತ್ತಿತ್ತು! ಒಳಗಿನ ಕಾರ್ಬನ್ ಪಟ್ಟಿ ಉಜ್ಜಿ ಉಜ್ಜಿ ಸವೆದಿತ್ತು, ಜೊತೆಗೆ ಬೇಸಿಗೆಯ ಧೂಳು.

ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಎರಡು ವಾರ ಸರಿಹೋಯಿತು. ಆಮೇಲೆ ಡೆಡ್ ಝೋನ್, ಅಂದರೆ ಹಿಡಿಯ ಸಣ್ಣ ಅಲುಗಾಟವನ್ನು ಸಾಫ್ಟ್‌ವೇರ್ ಲೆಕ್ಕಕ್ಕೆ ತೆಗೆದುಕೊಳ್ಳದ ಅಂತರ, ಹೆಚ್ಚಿಸಿದೆ. ಕುಣಿತ ನಿಂತಿತು, ಆದರೆ ಸಣ್ಣ ತಿದ್ದುಪಡಿಗೆ ವಿಮಾನ ಅಲುಗಾಡದು, ಸ್ವಲ್ಪ ಜಾಸ್ತಿಯಾದರೆ ದಿಢೀರನೆ ತಿರುಗುತ್ತದೆ. ರನ್‌ವೇ ನಡುಗೆರೆ ಹಿಡಿಯುವುದನ್ನು ಅದರಲ್ಲಿ ಕಲಿಸಲು ಬರುವುದಿಲ್ಲ.

ಹೊಸದಾಗಿ ಹಾಲ್ ಸೆನ್ಸರ್‌ನದು ತಂದೆ. ಅದರಲ್ಲಿ ಆಯಸ್ಕಾಂತದ ಚಲನೆಯನ್ನು ಮುಟ್ಟದೆಯೇ ಅಳೆಯುವುದರಿಂದ ಉಜ್ಜಿ ಸವೆಯುವ ಪಟ್ಟಿಯೇ ಇಲ್ಲ. ಮೊದಲ ದಿನ ಅದೇ ಹುಡುಗಿ ರನ್‌ವೇಯ ಬಲ ಅಂಚು ದಾಟಿ ಹುಲ್ಲಿಗೆ ಇಳಿಸಿದಳು. ಕೆಟ್ಟ ಜಾಯ್‌ಸ್ಟಿಕ್ಕಿಗೆ ಬೇಕಾದಷ್ಟು ರಡರ್ ಅವಳ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ತಪ್ಪು ನನ್ನದು, ಬಿಡಿಸಲು ನಾಲ್ಕು ಭಾನುವಾರ ಬೇಕಾದವು. ನಾಳೆ ಬೆಂಗಳೂರು ಜಕ್ಕೂರಿನ ವಿಮಾನ ತರಬೇತಿ ಶಾಲೆಯಲ್ಲೋ ಮತ್ತೆಲ್ಲೋ ಗಂಟೆಗಿಷ್ಟೆಂದು ದುಡ್ಡು ಕಟ್ಟಿ ಹಾರುವಾಗ ಇದನ್ನು ಬಿಡಿಸಿಕೊಳ್ಳುವ ಪಾಡು ಯಾವ ಮಗುವಿಗೂ ಬೇಡ.

ಗೆಳೆಯರ ಯೋಕ್ (ವಿಮಾನದ ಸ್ಟೀರಿಂಗ್‌ನಂಥ ಹಿಡಿ) ಮತ್ತು ಕಾಲಲ್ಲಿ ರಡರ್ ಕೊಡುವ ಪೆಡಲ್ ಒಂದು ವಾರ ಬಳಸಿದೆ. ನಿಜವಾದ ಸೆಸ್ನಾಗೆ ಅದೇ ಹತ್ತಿರ, ಕಾಲಿಗೂ ಅಭ್ಯಾಸವಾಗುತ್ತದೆ. ನನ್ನ ಬಜೆಟ್ಟಿಗೆ ಎಟುಕಲಿಲ್ಲ.

ಹಾಲ್ ಸೆನ್ಸರ್‌ನದಕ್ಕೆ ಅಗ್ಗದ್ದರ ಎರಡರಷ್ಟು ಕೊಟ್ಟೆ. ಸಾಫ್ಟ್‌ವೇರ್‌ನಲ್ಲಿ ಉಳಿದದ್ದು ಇಲ್ಲಿಗೆ ಹೋಯಿತು, ಬೇಸರವಿಲ್ಲ. ಕೊಳ್ಳುವಾಗ ಒಂದು ಮಾತು ಕೇಳಿ: ಹಿಡಿ ತಿರುಚುವುದಕ್ಕೂ ಹಾಲ್ ಸೆನ್ಸರ್ ಇದೆಯೇ? ಕೆಲವದರಲ್ಲಿ ಹಿಂದೆ-ಮುಂದೆ, ಎಡ-ಬಲಕ್ಕೆ ಮಾತ್ರ ಅದು. ರಡರ್‌ಗೆ ಅದೇ ಹಳೆಯ ಕಾರ್ಬನ್ ಪಟ್ಟಿ.