ಎಎಫ್ (ಆಟೋಫೋಕಸ್) ಅಂತ ಬರೆದಿದೆ ಅಂತ ನಂಬಿ ಹಳೇ 50 ಎಂಎಂ ಲೆನ್ಸ್ ತಗೋಬೇಡಿ

ನಿಕಾನ್ ಡಿ3000 ಅಥವಾ ಡಿ5000 ಸರಣಿಯ ಕ್ಯಾಮೆರಾ ಇಟ್ಕೊಂಡು ಕಮ್ಮಿ ದುಡ್ಡಲ್ಲಿ ಒಂದು ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಹುಡುಕ್ತಾ ಇರೋರು ದಯವಿಟ್ಟು ಪೂರ್ತಿ ಓದಿ. ಡಿ3100, ಡಿ3200, ಡಿ3300, ಡಿ3400, ಡಿ3500, ಆಮೇಲೆ ಡಿ5100ರಿಂದ ಡಿ5600ರ ತನಕ. ಹಳೇ ಡಿ40, ಡಿ60 ಇರೋರೂ ಓದಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಮಾರೋನೊಬ್ಬ ನನಗೆ ಸರಿಯಾಗಿ ಟೋಪಿ ಹಾಕಿದ್ದಾನೆ. ಹಾಕಿದ್ದು ಸಾಲದು ಅಂತ ಆಮೇಲೆ ನನಗೇ ಪಾಠ ಬೇರೆ ಹೇಳಿದ್ದಾನೆ. ದುಡ್ಡು ಹೋಗಿದ್ದಕ್ಕಿಂತ ಆ ಪಾಠ ನೆನೆಸ್ಕೊಂಡ್ರೆ ಮೈ ಉರಿಯುತ್ತೆ.

ನನ್ನದು ಡಿ5300. ಜೊತೆಗೆ ಬಂದ 18-55 ಕಿಟ್ ಲೆನ್ಸ್. ಹಗಲು ಹೊತ್ತಲ್ಲಿ ಅದಕ್ಕೆ ಹೆಸರಿಡೋ ಹಾಗಿಲ್ಲ. ರಾತ್ರಿ ಮನೆಯೊಳಗೆ ದೀಪದ ಬೆಳಕಲ್ಲಿ ಓಡಾಡೋ ಮಗು ಫೋಟೋ ತೆಗೀಬೇಕು ಅಂದಾಗ ಅದರ ಬಂಡವಾಳ ಗೊತ್ತಾಗುತ್ತೆ. 55ಕ್ಕೆ ಝೂಮ್ ಮಾಡಿದ್ರೆ ಅಪರ್ಚರ್, ಅಂದ್ರೆ ಬೆಳಕು ಬಿಡೋ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯಲ್ಲ (ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಅಂಕೆ) 6400ಕ್ಕೆ ಏರಿಸ್ಬೇಕು, ಫೋಟೋ ತುಂಬ ಬರೀ ನಾಯ್ಸ್, ಕಾಳುಕಾಳು. ಎಫ್/1.8 ಅಂದ್ರೆ ಅದರ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು. ಅದೇ ಶಟರ್ ಸ್ಪೀಡಲ್ಲಿ 6400 ಬೇಕಾಗಿದ್ದ ಕಡೆ 800ರೊಳಗೆ ಕೆಲಸ ಮುಗಿಯುತ್ತೆ. ಮೊದಲ ಪ್ರೈಮ್ ಅಂದ ತಕ್ಷಣ ಎಲ್ಲರೂ 50 ಎಂಎಂ 1.8 ಅನ್ನೋದು ಇದಕ್ಕೇ. ನಾನೂ ಅದನ್ನೇ ಹುಡುಕಿದೆ.

ಅವನ ಜಾಹೀರಾತು ಹೀಗಿತ್ತು: "ನಿಕಾನ್ 50 ಎಂಎಂ 1.8 ಆಟೋಫೋಕಸ್. ಎಲ್ಲಾ ನಿಕಾನ್ ಡಿಎಸ್‌ಎಲ್‌ಆರ್‌ಗೂ ಸೆಟ್ ಆಗುತ್ತೆ. ಗ್ಲಾಸ್ ಮಿಂಟ್." ಫೋಟೋಗಳೆಲ್ಲ ಮುಂದಿನಿಂದ ತೆಗೆದಿದ್ದು. ಫಳಫಳ ಹೊಳೆಯೋ ಗಾಜು, ಅದರಲ್ಲಿ ಕಿಟಕಿ ಪ್ರತಿಬಿಂಬ, ನೋಡೋಕೆ ಚೆಂದ. ಹಿಂಭಾಗದ್ದು, ಅಂದ್ರೆ ಕ್ಯಾಮೆರಾಗೆ ಕೂರೋ ಮೌಂಟಿನ ಫೋಟೋ ಒಂದೂ ಇಲ್ಲ. ಯಾಕೆ ಇರಲಿಲ್ಲ ಅಂತ ಈಗ ಗೊತ್ತಾಗಿದೆ, ಹೇಳ್ತೀನಿ.

ನಾನು ಸುಮ್ಮನೆ ದುಡ್ಡು ಕಳಿಸಿದೋನಲ್ಲ. ಕ್ಯಾಮೆರಾ ಮಾಡೆಲ್ ಹೇಳೇ ಕೇಳಿದ್ದೆ. "ಸರ್, ನನ್ನ ಹತ್ರ ಇರೋದು ಡಿ5300. ಅದರಲ್ಲಿ ಆಟೋಫೋಕಸ್ ಆಗುತ್ತಾ?" ಅಂತ. ಇದಕ್ಕಿಂತ ಬಿಡಿಸಿ ಹೇಗೆ ಕೇಳೋದು? ಅವನ ಉತ್ತರ: "ಎಎಫ್ ಅಂತ ಲೆನ್ಸ್ ಮೇಲೇ ಬರೆದಿದೆ ಸರ್, ಆಗದೆ ಏನು? ವಿಡಿಯೋ ಕಳಿಸ್ತೀನಿ ನೋಡಿ."

ವಿಡಿಯೋ ಬಂತು. ಲೆನ್ಸ್ ಹತ್ತಿರದಿಂದ ಕಾಣುತ್ತೆ, ಶಟರ್ ಬಟನ್ ಮೇಲೆ ಅವನ ಬೆರಳು. ಅರ್ಧ ಒತ್ತಿದ. ಟರ್ರ್ ಅಂತ ಸದ್ದು, ಲೆನ್ಸಿನ ಫೋಕಸ್ ರಿಂಗ್ ತಾನಾಗೇ ತಿರುಗಿ ನಿಂತಿತು. ಮತ್ತೆ ಒತ್ತಿದ, ಮತ್ತೆ ಟರ್ರ್. "ಮೋಟರ್ ಸದ್ದು ಕೇಳಿಸ್ತಾ ಸರ್? ಹೊಸಾದರ ಥರಾನೇ ಇದೆ" ಅಂತ ಹಿಂದಿನಿಂದ ದನಿ.

ಕೇಳಿಸ್ತು ಸ್ವಾಮಿ, ಚೆನ್ನಾಗೇ ಕೇಳಿಸ್ತು. ಆದರೆ ಆ ಮೋಟರ್ ಇದ್ದದ್ದು ಲೆನ್ಸ್‌ನಲ್ಲಲ್ಲ, ಅವನ ಕ್ಯಾಮೆರಾದಲ್ಲಿ.

ನಿಕಾನ್ ಕ್ಯಾಮೆರಾಗಳಲ್ಲಿ ಎರಡು ಜಾತಿ ಇದೆ. ಡಿ90, ಡಿ7000, ಡಿ7100, ಡಿ7200, ಡಿ7500 ಇಂಥವುಗಳಲ್ಲಿ, ಇನ್ನೂ ಮೇಲಿನ ದೊಡ್ಡ ಡಿಎಸ್‌ಎಲ್‌ಆರ್‌ಗಳಲ್ಲಿ, ಬಾಡಿಯೊಳಗೇ (ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದೊಳಗೇ) ಒಂದು ಫೋಕಸ್ ಮೋಟರ್ ಇರುತ್ತೆ. ಲೆನ್ಸ್ ತೆಗೆದು ಮೌಂಟ್ ನೋಡಿದ್ರೆ ಸ್ಕ್ರೂಡ್ರೈವರ್ ತುದಿ ಥರದ್ದೊಂದು ಸಣ್ಣ ಕಡ್ಡಿ ಹೊರಗೆ ಚಾಚಿರುತ್ತೆ. ಹಳೇ ಎಎಫ್ ಮತ್ತು ಎಎಫ್-ಡಿ ಲೆನ್ಸ್‌ಗಳ ಹಿಂಭಾಗದಲ್ಲಿ ಅದು ಕೂರೋ ಕಚ್ಚು ಇರುತ್ತೆ. ಬಾಡಿ ತಿರುಗಿಸುತ್ತೆ, ಲೆನ್ಸ್ ತಿರುಗುತ್ತೆ. ನನ್ನ ಡಿ5300 ಜಾತಿಯ ಚಿಕ್ಕ ಬಾಡಿಗಳಲ್ಲಿ ಆ ಮೋಟರೂ ಇಲ್ಲ, ಆ ಕಡ್ಡಿಯೂ ಇಲ್ಲ. ಇವಕ್ಕೆ ಮೋಟರ್ ಲೆನ್ಸ್‌ನೊಳಗೇ ಇರೋದು ಬೇಕು, ಅಂದ್ರೆ ಎಎಫ್-ಎಸ್ ಅಂತ ಬರೆದಿರೋದು. ಅವನು ನನಗೆ ಕಟ್ಟಿದ್ದು ಎಎಫ್ 50 ಎಂಎಂ 1.8ಡಿ. ಎಎಫ್ ಅಂತ ಬರೆದಿರೋದು ನಿಜ. ನನ್ನ ಕ್ಯಾಮೆರಾದಲ್ಲಿ ಮಾತ್ರ ಅದು ಜನ್ಮದಲ್ಲಿ ತಾನಾಗಿ ಫೋಕಸ್ ಮಾಡಲ್ಲ.

ಲೆನ್ಸ್ ಬಂದ ದಿನ ಮನೆಯವರನ್ನೆಲ್ಲ ಕೂರಿಸ್ಕೊಂಡು, "ಈಗ ನೋಡಿ, ಫ್ಲ್ಯಾಶೇ ಇಲ್ಲದೆ ಹೇಗೆ ಬರುತ್ತೆ" ಅಂತ ದೊಡ್ಡದಾಗಿ ಹೇಳಿ ಕ್ಯಾಮೆರಾಗೆ ಹಾಕಿದೆ. ವ್ಯೂಫೈಂಡರ್‌ನಲ್ಲಿ ಎಫ್‌ಇಇ ಅಂತ ಮೂರಕ್ಷರ ಮಿನುಗೋಕೆ ಶುರು. ಬಟನ್ ಒತ್ತಿದ್ರೆ ಶಟರ್ ಬೀಳ್ತಿಲ್ಲ. ಎಲ್ಲರೂ ಮುಖಕ್ಕೆ ನಗು ಅಂಟಿಸ್ಕೊಂಡು ಕೂತಿದ್ದಾರೆ. ನಾನು ಬೆವರ್ತಾ ಇದ್ದೀನಿ.

ಅವನಿಗೆ ಮೆಸೇಜ್ ಹಾಕಿದೆ. ಆ ಕ್ಷಣದಲ್ಲೇ ಉತ್ತರ ಬಂತು: "ಅಪರ್ಚರ್ ರಿಂಗ್ 22ಕ್ಕೆ ತಿರುಗಿಸಿ ಲಾಕ್ ಮಾಡಿ ಸರ್." ಸರಿ, ಮಾಡಿದೆ. ಎಫ್‌ಇಇ ಹೋಯ್ತು. (ಡಿ ಲೆನ್ಸ್‌ಗಳ ಮೇಲೆ ಅಪರ್ಚರ್ ರಿಂಗ್ ಇರುತ್ತೆ, ಅದನ್ನ ದೊಡ್ಡ ಅಂಕೆಗೆ ಲಾಕ್ ಮಾಡದಿದ್ರೆ ಈ ಕ್ಯಾಮೆರಾಗಳು ಫೋಟೋ ತೆಗೆಯಲ್ಲ.) ಇದನ್ನ ಯಾಕೆ ಇಷ್ಟುದ್ದ ಹೇಳ್ತಿದ್ದೀನಿ ಅಂದ್ರೆ, ಆ ಮನುಷ್ಯನಿಗೆ ಆ ಲೆನ್ಸಿನ ಹುಟ್ಟು ಬೆಳವಣಿಗೆ ಎಲ್ಲಾ ಗೊತ್ತು. ಎಫ್‌ಇಇ ಅಂದ ತಕ್ಷಣ ಮದ್ದು ಹೇಳೋನಿಗೆ ಡಿ5300ರಲ್ಲಿ ಮೋಟರ್ ಇಲ್ಲ ಅನ್ನೋದು ಗೊತ್ತಿರಲಿಲ್ಲ ಅಂತ ನಂಬ್ಬೇಕಾ ನಾನು?

ಆಮೇಲೆ ಅರ್ಧ ಒತ್ತಿದೆ. ಸದ್ದಿಲ್ಲ. ರಿಂಗ್ ಅಲ್ಲಾಡಲ್ಲ. ಪೂರ್ತಿ ಒತ್ತಿದೆ, ಫೋಟೋ ಬಂತು, ಬರೀ ಮಸುಕು. ಮತ್ತೆ ಒತ್ತಿದೆ, ಮತ್ತೆ ಮಸುಕು. ಲೆನ್ಸ್ ತೆಗೆದೆ, ಹಾಕಿದೆ, ಮತ್ತೆ ಅದೇ. ಅಷ್ಟರಲ್ಲಿ ಕೂತಿದ್ದೋರು ಒಬ್ಬೊಬ್ಬರೇ ಎದ್ದು ಹೋದ್ರು.

ಈಗ ಅವನ ಉತ್ತರಗಳನ್ನ ಸಾಲಾಗಿ ಕೇಳಿ. ಮೊದಲು, "ಸೆಟ್ಟಿಂಗ್ಸ್‌ನಲ್ಲಿ ಎಎಫ್ ಆನ್ ಮಾಡಿ ಸರ್." ಆಮೇಲೆ, "ಕ್ಯಾಮೆರಾ ರೀಸೆಟ್ ಮಾಡಿ ನೋಡಿ ಬ್ರೋ." ಇಷ್ಟೊತ್ತು ಸರ್, ಈಗ ಬ್ರೋ, ಅದನ್ನೂ ಗಮನಿಸಿ. ಆಮೇಲೆ, "ಲೆನ್ಸ್ ಹಿಂದೆ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಇದೆಯಲ್ಲ, ಒಣ ಬಟ್ಟೇಲಿ ಒರೆಸಿ." ಒರೆಸಿದೆ. ಇಲ್ಲದ ಮೋಟರ್ ಒರೆಸಿದ್ರೆ ಹುಟ್ಟುತ್ತಾ? ಆಮೇಲೆ, "ಹಾಗಾದ್ರೆ ನಿಮ್ಮ ಬಾಡಿ ಪ್ರಾಬ್ಲಮ್, ಸರ್ವಿಸ್‌ಗೆ ಕೊಡಿ." ಕಿಟ್ ಲೆನ್ಸ್ ಹಾಕಿದ್ರೆ ಅದೇ ಬಾಡಿ ನೆಟ್ಟಗೆ ಫೋಕಸ್ ಮಾಡ್ತಿದೆ ಅಂತ ವಿಡಿಯೋ ಮಾಡಿ ಕಳಿಸಿದೆ. ನೋಡಿದ, ಉತ್ತರ ಇಲ್ಲ.

ಅಷ್ಟೊತ್ತಿಗೆ ನಾನು ಕ್ಯಾಮೆರಾದ ಮ್ಯಾನುಯಲ್ ತೆಗೆದು ಓದಿದ್ದೆ. ಎಎಫ್-ಎಸ್ ಲೆನ್ಸ್‌ಗಳಲ್ಲಿ ಮೋಟರ್ ಇರುತ್ತೆ, ಹಳೇ ಎಎಫ್ ಲೆನ್ಸ್‌ಗಳಲ್ಲಿ ಇಲ್ಲ ಅನ್ನೋದು ಗೊತ್ತಾಗಿತ್ತು. ನೇರವಾಗಿ ಕೇಳಿದೆ, ಇದು ಡಿ ಲೆನ್ಸ್, ನನ್ನ ಬಾಡೀಲಿ ಆಗಲ್ಲ ಅಂತ ನಿಮಗೆ ಗೊತ್ತಿತ್ತು ತಾನೆ? ಬಂದ ಉತ್ತರ ಪೂರ್ತಿ ಇಲ್ಲೇ ಹಾಕ್ತೀನಿ:

"ಲೆನ್ಸ್ ಎಎಫ್ ಅಂತ ಹೇಳಿದ್ದೆ, ಲೆನ್ಸ್ ಎಎಫ್ಫೇ. ಸೆಟ್ ಆಗುತ್ತೆ ಅಂದೆ, ಸೆಟ್ ಆಗಿದೆ. ನಿಮ್ಮ ಕ್ಯಾಮೆರಾದಲ್ಲಿ ಆಟೋಫೋಕಸ್ ಆಗುತ್ತೆ ಅಂತ ಎಲ್ಲಿ ಬರೆದಿದ್ದೀನಿ ತೋರಿಸಿ."

ಹಳೇ ಮೆಸೇಜ್‌ಗಳನ್ನ ಮೇಲಕ್ಕೆ ತಳ್ಳಿ ನೋಡಿದೆ. "ಆಗದೆ ಏನು?" ಅಂತ ಇದೆ. "ಆಗುತ್ತೆ" ಅಂತ ಎಲ್ಲೂ ಇಲ್ಲ. ಪ್ರಶ್ನೆ ಕೇಳಿದ್ರೆ ಪ್ರಶ್ನೇನೇ ವಾಪಸ್ ಎಸೆದಿದ್ದ. ಸೆಟ್ ಆಗುತ್ತೆ ಅಂದ್ರೆ ಅವನ ಲೆಕ್ಕದಲ್ಲಿ ಕ್ಯಾಮೆರಾಗೆ ಕಚ್ಚಿಕೊಳ್ಳುತ್ತೆ ಅಂತ ಅಷ್ಟೇ. ಕಳ್ಳನಿಗೊಂದು ಪಿಳ್ಳೆ ನೆವ.

ಆಮೇಲೆ ಶುರು ಆಯ್ತು ಪಾಠ. "ಪ್ರೊಫೆಷನಲ್‌ಗಳೆಲ್ಲ ಮ್ಯಾನುಯಲ್ ಫೋಕಸ್‌ನಲ್ಲೇ ತೆಗೆಯೋದು. ವ್ಯೂಫೈಂಡರ್‌ನಲ್ಲಿ ಹಸಿರು ಚುಕ್ಕಿ ಬರುತ್ತೆ, ಅದನ್ನ ನೋಡ್ಕೊಂಡು ತಿರುಗಿಸಿ. ಕಲೀರಿ." ಹಸಿರು ಚುಕ್ಕಿ ಬರೋದು ಸುಳ್ಳಲ್ಲ. ಆದರೆ ಎಫ್/1.8ರಲ್ಲಿ, ಒಂದು ಮೀಟರ್ ದೂರದಲ್ಲಿ, ಫೋಕಸ್‌ನಲ್ಲಿ ಇರೋ ಜಾಗ ಹೆಚ್ಚುಕಮ್ಮಿ ಮೂರು ಸೆಂಟಿಮೀಟರ್. ಮೂಗಿನ ತುದಿ ಸಿಕ್ಕಿದ್ರೆ ಕಣ್ಣು ಹೋಯ್ತು. ಕೂತ ಬೊಂಬೆಗಾದ್ರೆ ಸರಿ, ಓಡೋ ಮಗುವಿಗೆ ಚುಕ್ಕಿ ಹತ್ತೋದ್ರೊಳಗೆ ಮಗು ಪಕ್ಕದ ಕೋಣೇಲಿರುತ್ತೆ. ನಾನು ಪ್ರಯತ್ನ ಮಾಡೇ ಹೇಳ್ತಿದ್ದೀನಿ.

ಕೊನೇ ಉತ್ತರ ಇದೆಯಲ್ಲ, ಅದು ಗಾಯದ ಮೇಲೆ ಬರೆ. "ಆಟೋಫೋಕಸ್ ಬೇಕೇ ಬೇಕು ಅಂದ್ರೆ ಬಾಡಿ ಅಪ್‌ಗ್ರೇಡ್ ಮಾಡಿ. ನನ್ನ ಡಿ7100 ಇದೆ, ನಿಮಗೆ ಅಂತ ಕಮ್ಮಿ ಮಾಡಿ ಕೊಡ್ತೀನಿ."

ಡಿ7100 ಅಂದ ತಕ್ಷಣ ಏನೋ ಹೊಳೀತು. ಹಳೇ ವಿಡಿಯೋ ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕ್ಯಾಮೆರಾ ಹೆಸರಿರೋ ಜಾಗದ ಮೇಲೆ ಸ್ಟ್ರಾಪ್ ಇಳಿಬಿಟ್ಟಿದ್ದಾನೆ. ಆದರೆ ಬಟನ್ ಒತ್ತೋಕೆ ಬೆರಳು ತಂದಾಗ, ಮೇಲ್ಭಾಗದಲ್ಲಿರೋ ಪುಟ್ಟ ಅಂಕಿಗಳ ಪರದೆ ಒಂದು ಕ್ಷಣ ಕಾಣುತ್ತೆ. ನನ್ನ ಡಿ5300 ಮೇಲೆ ಅಂಥ ಪರದೆ ಇಲ್ಲ, ಆ ಸರಣಿಯಲ್ಲಿ ಯಾವುದಕ್ಕೂ ಇಲ್ಲ. ಡಿ7100ಕ್ಕೆ ಇದೆ. ನನ್ನ ಪ್ರಶ್ನೆ ಓದಿ, ಆಗಲ್ಲ ಅಂತ ಗೊತ್ತಿದ್ದೇ, ಆಗೋ ಕ್ಯಾಮೆರಾಗೆ ಹಾಕಿ, ಹೆಸರು ಮುಚ್ಚಿ, ವಿಡಿಯೋ ಮಾಡಿ, "ಮೋಟರ್ ಸದ್ದು ಕೇಳಿಸ್ತಾ ಸರ್" ಅಂದಿದ್ದಾನೆ. ಈಗ ಅದೇ ಕ್ಯಾಮೆರಾನ ನನಗೇ ಮಾರೋಕೆ ಬಂದಿದ್ದಾನೆ. ಆ ಚೌಕಟ್ಟಿನ ಸ್ಕ್ರೀನ್‌ಶಾಟ್ ಕಳಿಸಿ, ದುಡ್ಡು ವಾಪಸ್ ಮಾಡಿ ಅಂದೆ. "ಸೆಕೆಂಡ್ ಹ್ಯಾಂಡ್ ಮಾಲಿಗೆ ರಿಟರ್ನ್ ಇಲ್ಲ, ಗೊತ್ತಿಲ್ವಾ" ಅಂದ. ಬ್ಲಾಕ್ ಮಾಡಿದ.

ಹೊಟ್ಟೆ ಉರಿಯೋ ಇನ್ನೊಂದು ವಿಷಯ ಅಂದ್ರೆ ಲೆನ್ಸ್ ಕೆಟ್ಟದ್ದಲ್ಲ. ಗಾಜು ಸ್ವಚ್ಛ ಇದೆ, ಫಂಗಸ್ ಇಲ್ಲ, ಕೈಯಲ್ಲಿ ಸರಿಯಾಗಿ ಫೋಕಸ್ ಸಿಕ್ಕಾಗ ಫೋಟೋ ಕಡ್ಡಿ ಮುರಿದ ಹಾಗೆ ಶಾರ್ಪ್. ಡಿ7200 ಇರೋರಿಗೆ ನಿಜ ಹೇಳೇ ಇದೇ ಬೆಲೆಗೆ ಮಾರಬಹುದಿತ್ತು. ಸುಳ್ಳು ಹೇಳೋ ಅಗತ್ಯವೇ ಇರಲಿಲ್ಲ.

ಚಿಕ್ಕ ಬಾಡಿ ಇರೋರು 50 ಬೇಕು ಅಂದ್ರೆ ಎಎಫ್-ಎಸ್ 50 ಎಂಎಂ 1.8ಜಿ ನೋಡಿ, 2011ರಲ್ಲಿ ಬಂದದ್ದು. ಗುರುತು ಸುಲಭ, ಜಿ ಮೇಲೆ ಅಪರ್ಚರ್ ರಿಂಗ್ ಇರಲ್ಲ, ಡಿ ಮೇಲೆ ಇರುತ್ತೆ. ನನ್ನ ಕೇಳಿದ್ರೆ 50ಕ್ಕಿಂತ 2009ರ ಎಎಫ್-ಎಸ್ ಡಿಎಕ್ಸ್ 35 ಎಂಎಂ 1.8ಜಿ ವಾಸಿ. ಆ ಮಹಾಶಯ "50 ಅಂದ್ರೆ ಕಣ್ಣಿಗೆ ಕಂಡ ಹಾಗೇ ಕಾಣುತ್ತೆ" ಅಂತಾನೂ ಹೇಳಿದ್ದ. ಅದು ಫುಲ್‌ಫ್ರೇಮ್, ಅಂದ್ರೆ ದೊಡ್ಡ ಸೆನ್ಸರಿನ ಕ್ಯಾಮೆರಾಗಳ ಮಾತು. ನಮ್ಮ ಡಿಎಕ್ಸ್ ಅನ್ನೋ ಚಿಕ್ಕ ಸೆನ್ಸರ್‌ನಲ್ಲಿ 50 ಅಂದ್ರೆ 75ರ ನೋಟ, ಸಣ್ಣ ಕೋಣೇಲಿ ಇಬ್ಬರನ್ನ ಒಟ್ಟಿಗೆ ತೆಗೀಬೇಕು ಅಂದ್ರೆ ಬೆನ್ನು ಗೋಡೆಗೆ ತಾಗುತ್ತೆ. 35 ಹಾಕಿದ್ರೆ ಹತ್ರಹತ್ರ 52ರ ನೋಟ.

ಕೆನಾನ್ ಡಿಎಸ್‌ಎಲ್‌ಆರ್ ಇರೋರಿಗೆ ಈ ಮೋಟರ್ ತಲೆನೋವಿಲ್ಲ, ಇಎಫ್ ಆಟೋಫೋಕಸ್ ಲೆನ್ಸ್‌ಗಳಲ್ಲಿ ಮೋಟರ್ ಒಳಗೇ ಬರುತ್ತೆ. ಅಲ್ಲಿ ಆಟ ಬೇರೆ. ಪ್ಲಾಸ್ಟಿಕ್ ಮೌಂಟಿನ ಹಳೇ 50 ಎಂಎಂ 1.8 ಎರಡನೇ ಆವೃತ್ತಿ ತೋರಿಸಿ, 2015ರ ಹೊಸ ಆವೃತ್ತಿ ಎಸ್‌ಟಿಎಂ ಬೆಲೆ ಕೇಳ್ತಾರೆ. ಎಸ್‌ಟಿಎಂಗೆ ಲೋಹದ ಮೌಂಟ್, ಫಿಲ್ಟರ್ 49 ಎಂಎಂ. ಹಳೇದಕ್ಕೆ 52. ಹಿಂಭಾಗದ ಫೋಟೋ ಕೇಳಿ, ಮಿಕ್ಕಿದ್ದು ಅದೇ ಹೇಳುತ್ತೆ. ನಿಕಾನ್ ಮಿರರ್‌ಲೆಸ್‌ಗೆ ಹೋದೋರೂ ನೋಡ್ಕೊಳ್ಳಿ: ಡಿಎಸ್‌ಎಲ್‌ಆರ್ ಲೆನ್ಸ್ ಅದಕ್ಕೆ ಕೂರಿಸೋ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಆ ಮೋಟರ್ ಇಲ್ಲ, ಡಿ ಲೆನ್ಸ್ ಅಲ್ಲೂ ಕೈಯಲ್ಲೇ ತಿರುಗಿಸ್ಬೇಕು.

ಮಾರೋನು ವಿಡಿಯೋ ಕಳಿಸ್ತೀನಿ ಅಂದ್ರೆ, ಕ್ಯಾಮೆರಾ ಹೆಸರು ಕಾಣೋ ಹಾಗೆ ಕಳಿಸು ಅನ್ನಿ. "ನನ್ನ ಇಂಥ ಬಾಡೀಲಿ ಆಟೋಫೋಕಸ್ ಆಗುತ್ತೆ" ಅಂತ ಪೂರ್ತಿ ವಾಕ್ಯ ಬರೆಸ್ಕೊಳ್ಳಿ. "ಆಗದೆ ಏನು", "ನೋಡಿ ಸರ್ ಬರೆದೇ ಇದೆ" ಅನ್ನೋ ಥರದ ಉತ್ತರ ಬಂದ್ರೆ ಅಲ್ಲಿಗೇ ಬಿಟ್ಬಿಡಿ.

ಈ ಲೆನ್ಸ್ ನಾನೂ ಮಾರ್ತೀನಿ. ಡಿ7000 ಸರಣಿ ಅಥವಾ ಅದರ ಮೇಲಿನ ಬಾಡಿ ಇರೋರಿಗೆ ಮಾತ್ರ. ಹಿಂಭಾಗದ ಫೋಟೋನೇ ಮೊದಲು ಹಾಕ್ತೀನಿ.