ರಸಪ್ರಶ್ನೆಗೆ ಕೆಂಪುಪಟ್ಟಿ: ಬಣ್ಣದ ವೃತ್ತವನ್ನಷ್ಟೇ ನಂಬಬೇಡಿ

ವನ್ಯಜೀವಿ ರಸಪ್ರಶ್ನೆ ತಯಾರಿಸುವವರಿಗೆ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯ ಜಾಲತಾಣಕ್ಕಿಂತ ಒಳ್ಳೆಯ ಆಕರ ನಮಗೆ ಕಂಡಿಲ್ಲ. 1964ರಲ್ಲಿ ಶುರುವಾದ ಈ ಪಟ್ಟಿಯಲ್ಲಿ ಈಗ 1,70,000ಕ್ಕೂ ಹೆಚ್ಚು ಪ್ರಭೇದಗಳ ಅಳಿವಿನ ಅಪಾಯದ ಮೌಲ್ಯಮಾಪನ ಇದೆ. ಓದಲು ದುಡ್ಡೂ ಬೇಡ, ಖಾತೆಯೂ ಬೇಡ. ಮಾಹಿತಿಯನ್ನು ಒಟ್ಟಾಗಿ ಇಳಿಸಿಕೊಳ್ಳುವಾಗ ಮಾತ್ರ ನೋಂದಣಿ ಕೇಳುತ್ತದೆ. ತೊಂದರೆ ಇರುವುದು ನಾವು ಓದುವ ರೀತಿಯಲ್ಲಿ. ಪುಟದಲ್ಲಿ ಅಪಾಯದ ವರ್ಗ ತೋರಿಸುವ ಬಣ್ಣದ ವೃತ್ತ ನೋಡಿ ಉತ್ತರ ಗೀಚಿಕೊಂಡರೆ ಅರ್ಧದಷ್ಟು ಸಲ ಪ್ರಶ್ನೆಯೇ ಹಾಳು.

ಹುಡುಕುವಾಗ ವೈಜ್ಞಾನಿಕ ಹೆಸರನ್ನೇ ಹಾಕಿ. ಕನ್ನಡದಲ್ಲಿ ನಾವು ಹದ್ದು ಎನ್ನುವ ಮಿಲ್ವಸ್ ಮೈಗ್ರನ್ಸ್ ಸುಖವಾಗಿದೆ, ಅದರದ್ದು ಆತಂಕ ತೀರಾ ಕಡಿಮೆ ಎನ್ನುವ 'ಎಲ್‌ಸಿ' ವರ್ಗ. ಬಿಳಿಬೆನ್ನಿನ ರಣಹದ್ದು, ಅಂದರೆ ಜಿಪ್ಸ್ ಬೆಂಗಾಲೆನ್ಸಿಸ್, ಅಳಿವಿನ ಅಪಾಯ ಅತಿ ಹೆಚ್ಚು ಎನ್ನುವ 'ಸಿಆರ್'ನಲ್ಲಿದೆ: ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಸತ್ತ ದನದ ಮಾಂಸದ ಜೊತೆ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನೇ ಕೆಡಿಸಿತು. ಹೆಸರಿನಲ್ಲಿ 'ರಣ' ಬಿಟ್ಟುಹೋದರೆ ಉತ್ತರ ತಲೆಕೆಳಗು. ಚೀತಾವನ್ನು ಚಿರತೆ ಎಂದು ಬರೆಯುವವರಿಗೆ ಮಾತ್ರ ಅದೃಷ್ಟ ಒಲಿದಿದೆ, ಎರಡೂ 'ವಿಯು' (ಅಪಾಯಕ್ಕೆ ಈಡಾಗಬಲ್ಲವು)!

ವರ್ಗದ ಪಕ್ಕದ ಸಂಕೇತವನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಇಡೀ ಪುಟದ ಸತ್ವ ಅದರಲ್ಲೇ ಇದೆ. ಏಷ್ಯಾದ ಆನೆಯನ್ನೇ ತೆಗೆದುಕೊಳ್ಳಿ: 'ಇಎನ್ ಎ2ಸಿ'. 'ಇಎನ್' ಎಂದರೆ ಅಳಿವಿನಂಚಿನಲ್ಲಿದೆ, 'ವಿಯು'ಗಿಂತ ಗಂಭೀರ, 'ಸಿಆರ್'ಗಿಂತ ಒಂದು ಮೆಟ್ಟಿಲು ಕಡಿಮೆ. 'ಎ' ಎಂದರೆ ಸಂಖ್ಯೆ ಕುಸಿದಿದೆ. '2' ಎಂದರೆ ಕುಸಿತ ಈಗಾಗಲೇ ಆಗಿದೆ, ಅದರ ಕಾರಣ ಇನ್ನೂ ನಿಂತಿರಲಿಕ್ಕಿಲ್ಲ. 'ಸಿ' ಎಂದರೆ ನೆಲೆಯ ವಿಸ್ತಾರ ಇಲ್ಲವೇ ಗುಣಮಟ್ಟ ಕುಗ್ಗಿದ್ದನ್ನು ನೋಡಿ ಹಾಗೆ ತೀರ್ಮಾನಿಸಿದ್ದಾರೆ. ಎ2ರ ಅಡಿ 'ವಿಯು'ಗೆ 30%, 'ಇಎನ್'ಗೆ 50%, 'ಸಿಆರ್'ಗೆ 80% ಇಳಿಕೆ ಆಗಿರಬೇಕು. ಅವಧಿ 10 ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಅದು. ಆನೆಯ ಮೂರು ತಲೆಮಾರೆಂದರೆ 60ರಿಂದ 75 ವರ್ಷ. ನಲವತ್ತು ಸಾವಿರಕ್ಕೂ ಹೆಚ್ಚಿರುವ ಆನೆಯೂ, 2022ರ ಅಂದಾಜಿನಲ್ಲಿ 3,726ರಿಂದ 5,578ರಷ್ಟಿದ್ದ ಹುಲಿಯೂ ಒಂದೇ 'ಇಎನ್' ವರ್ಗದಲ್ಲಿ ಏಕಿವೆ ಎನ್ನುವುದು ಇದರಿಂದ ತಿಳಿಯುತ್ತದೆ. ಈಗ ಎಷ್ಟಿವೆ ಎಂಬುದಕ್ಕಿಂತ ಎಷ್ಟು ಬೇಗ ಕಮ್ಮಿಯಾದವು ಎಂಬುದನ್ನು ಇಲ್ಲಿ ಅಳೆಯುತ್ತಾರೆ. 'ಇಎನ್ ಯಾವುದು?' ಎಂದು ಕೇಳುವ ಬದಲು ಈ ಜೋಡಿಯನ್ನು ಮುಂದಿಟ್ಟು 'ಏಕೆ?' ಎಂದು ಕೇಳಿ, ಆಟಕ್ಕೆ ರಂಗೇರುತ್ತದೆ.

ಮುಂದೆ ತಾರೀಖು. ಹತ್ತು ವರ್ಷ ದಾಟಿದ ಮೌಲ್ಯಮಾಪನದ ಮೇಲೆ ಪರಿಷ್ಕರಣೆ ಬೇಕು ಎಂಬ ಗುರುತು ಇರುತ್ತದೆ, ಅಂಥದ್ದನ್ನು ಪ್ರಶ್ನೆಗೆ ಬಳಸಬೇಡಿ. ದೈತ್ಯ ಪಾಂಡಾ 2016ರಲ್ಲೇ 'ವಿಯು'ಗೆ ಇಳಿದರೂ ಹಳೆಯ ಕ್ವಿಜ್ ಕಾರ್ಡುಗಳಲ್ಲಿ ಇನ್ನೂ 'ಇಎನ್' ಆಗಿಯೇ ಕೂತಿದೆ. ಹಸಿರು ಕಡಲಾಮೆ 2025ರ ಅಕ್ಟೋಬರಿನಲ್ಲಿ 'ಇಎನ್'ನಿಂದ ನೇರವಾಗಿ 'ಎಲ್‌ಸಿ'ಗೆ ಬಂತು. ಆಫ್ರಿಕಾದ ಆನೆಯ ವರ್ಗ ಯಾವುದೆಂಬ ಪ್ರಶ್ನೆಗಂತೂ 2021ರಿಂದ ಒಂದೇ ಉತ್ತರವಿಲ್ಲ: ಎರಡು ಪ್ರಭೇದವೆಂದು ಬೇರ್ಪಡಿಸಿದ ಮೇಲೆ ಕಾಡಿನದು 'ಸಿಆರ್', ಹುಲ್ಲುಗಾವಲಿನದು 'ಇಎನ್'.

'ಡಿಡಿ' ಕಂಡರೆ ಅಪಾಯವಿಲ್ಲ ಎಂದುಕೊಳ್ಳಬೇಡಿ, ತೀರ್ಮಾನಿಸುವಷ್ಟು ಮಾಹಿತಿ ಇಲ್ಲ ಎಂದಷ್ಟೇ ಅದರ ಅರ್ಥ. ಎಲ್ಲರಿಗೂ ಗೊತ್ತಿರುವ ಓರ್ಕಾ (ಕಿಲ್ಲರ್ ವೇಲ್) ಕೂಡ ಜಾಗತಿಕ ಪಟ್ಟಿಯಲ್ಲಿ 'ಡಿಡಿ'.

ಸಪ್ಪೆ ಎನಿಸಿದ್ದು ನಕ್ಷೆ. ಬಣ್ಣ ತುಂಬಿದ ಜಾಗದಲ್ಲೆಲ್ಲ ಪ್ರಾಣಿ ಇರುತ್ತದೆಂದಲ್ಲ, ಗಡಿಯ ಅಂದಾಜಷ್ಟೇ ಅದು. ನಕ್ಷೆ ತೋರಿಸಿ ಪ್ರಾಣಿ ಗುರುತಿಸಿ ಎನ್ನುವ ಸುತ್ತಿಗೆ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಬೇಡ. ಕಾರ್ಡಿನ ಬೆನ್ನಿಗೆ ಉತ್ತರ ಬರೆಯುವಾಗ ವರ್ಗ, ಸಂಕೇತ, ಮೌಲ್ಯಮಾಪನದ ವರ್ಷ ಮೂರನ್ನೂ ಬರೆದಿಡಿ. ಯಾರಾದರೂ ತಕರಾರು ತೆಗೆದರೆ ಆ ವರ್ಷ ತೋರಿಸಿದರಾಯಿತು.